ದೇವಿಕಾ ಸಾಚಾ ನಂಬಬ್ಯಾಡ್ರಿ

"ಮೇಡಂರಿ... ಈ ಬಾಯಿ ಸುಳ್ಳು ಹೇಳಾಕತ್ತೈತಿ!"

ಸುರಪುರ ಬಸ್ ನಿಲ್ದಾಣದ ಎದುರಿನ ಹಲ್ಲಿನ ದವಾಖಾನೆಯಲ್ಲಿ ಆ ಹೊತ್ತಿಗೆ ಏಳು ಮಂದಿ ಕಾಯುತ್ತ ಕುಳಿತಿದ್ದರು. ಏಳೂ ಮಂದಿ ಕೆನ್ನೆಯ ಮೇಲಿಂದ ಕೈ ತೆಗೆದು ಬಾಗಿಲ ಕಡೆ ತಿರುಗಿದರು. ಹಲ್ಲುನೋವನ್ನು ಅಷ್ಟು ಬೇಗ ಮರೆಸುವ ಮಾತ್ರೆ ಇನ್ನೂ ಪೇಟೆಗೆ ಬಂದಿಲ್ಲ.

ಬಾಗಿಲಲ್ಲಿ ನಿಂತವನಿಗೆ ಮೂವತ್ತರ ಆಸುಪಾಸು. ತಲೆಗೂದಲಿನಲ್ಲಿ ಬಿಳಿ ಪುಡಿ. ಅಂಗೈಯಲ್ಲಿ ಪ್ಲಾಸ್ಟರಿನ ಒಂದು ಕೆಳದವಡೆ. ಅದನ್ನು ಹಕ್ಕಿಮರಿ ಹಿಡಿದಂತೆ ಹಿಡಿದಿದ್ದ.

ಡಾಕ್ಟರ್ ದೇವಿಕಾ ಕೈಗವಸಿನಲ್ಲೇ ಹೊರಗೆ ಬಂದಳು.

"ಯಾರ್ರಿ ನೀವು?"

"ಬೀರೇಶ ಅಂತ್ರಿ. ಯಾದಗಿರಿ ಲ್ಯಾಬಿನ್ಯಾಂವ, ಹಲ್ಲು ಕಟ್ಟಾಂವ. ಬೋನಾಳದ ಭೀಮವ್ವನ ಬಾಯಿ ಅಳತಿ ಮೊನ್ನೆ ಬಸ್ಸಿನಾಗ ಕಳಿಸಿದ್ರೆಲ್ಲ, ಅದೇ ಇದು."

"ಏನಾಗೈತಿ ಅದಕ್ಕ?"

"ಇದಕ್ಕೇನೂ ಆಗಿಲ್ರಿ. ಮುಂದ ಆಯಿಗೆ ಆಗತೈತಿ. ಅಳತಿ ತಗೊಳ್ಳುವಾಗ ಆಕಿ ನಾಲಿಗಿ ಅಳ್ಳಾಡಿಸಿಲ್ಲ. ಸುಮ್ಮ ಬಾಯಿ ತಗದು ಕುಂತಾಳ. ಇದರ ಮ್ಯಾಲೆ ಹಲ್ಲು ಕಟ್ಟಿದ್ರ, ಸುಮ್ಮ ಕುಂತಾಗ ಅವೂ ಸುಮ್ಮ ಕುಂದ್ರತಾವ. ಮಾತಾಡಿದ್ಲೋ, ಎದ್ದು ಹೊರಗ ಬರ್ತಾವ!"

ಕಾಯುತ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೇವಿಕಾಳ ಕಿವಿ ಕೆಂಪಾಯಿತು.

"ನಾನು ಐದು ವರ್ಷ ಇದನ್ನೇ ಓದೀನ್ರಿ."

"ಹೌದ್ರಿ. ಅದಕ್ಕ ಬಸ್ ಹತ್ತಿ ಬಂದೀನಿ. ಓದಲಾರದವ್ರು ಕಳಿಸಿದ್ರ ಸುಮ್ಮ ಕಟ್ಟಿ ಕೊಡತಿದ್ದೆ."

ಇದು ಬೈಗುಳವೋ ಮರ್ಯಾದೆಯೋ ಎಂದು ತಿಳಿಯದೆ ದೇವಿಕಾ ಒಂದು ಕ್ಷಣ ತಡಬಡಾಯಿಸಿದಳು.

"ಡಾಕ್ಟರಮ್ಮ, ಮೊದಲ ನಂದು ಕಿತ್ತಿ ಕಳಸ್ರಿ, ಆಮ್ಯಾಲೆ ಜಗಳಾಡ್ರಿ," ಎಂದ ಮೂಲೆಯಲ್ಲಿದ್ದ ರೈತನೊಬ್ಬ.

ಅವಳು ದವಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಜೀವಂತ ಬಾಯಲ್ಲಿ ನಾಲಿಗೆಯ ಬುಡದ ಬಳಿ ಇರಬೇಕಾದ ಆ ತೆಳು ಮಡಿಕೆ, ಆ ಏರಿಳಿತ... ಇಲ್ಲಿ ಏನೂ ಇರಲಿಲ್ಲ. ಗಿಲಾಯಿ ಮಾಡಿದ ಗೋಡೆಯಂತೆ ನುಣ್ಣಗೆ.

*ಅಯ್ಯೋ... ಇವನು ಹೇಳೋದು ಖರೇ!*

"ಖರೇ ಐತ್ರಿ, ಅಳತಿ ನಾನೇ ತಪ್ಪು ತಗೊಂಡೀನಿ," ಎಂದಳು ಎಲ್ಲರೆದುರೇ. ಸಿಟ್ಟು ಮಾತ್ರ ಇಳಿಯಲಿಲ್ಲ. ಸಿಟ್ಟಿನ ಪಕ್ಕದಲ್ಲೇ ಇನ್ನೊಂದೇನೋ ಬಂದು ಕೂತಿತು. ಒಂದು ಪ್ಲಾಸ್ಟರಿನ ತುಂಡನ್ನು ನೋಡಿ, ಆ ಹೊತ್ತಿನಲ್ಲಿ ಒಬ್ಬ ಮುದುಕಿ ಮಾತಾಡಲಿಲ್ಲ ಎಂದು ಹೇಳಬಲ್ಲ ಮನುಷ್ಯನನ್ನು ಅವಳು ಈವರೆಗೆ ಕಂಡಿರಲಿಲ್ಲ.

*

ದೇವಿಕಾಗೆ ಈ ಭೀಮವ್ವನ ಬಾಯಿ ಸಾಮಾನ್ಯ ಬಾಯಿ ಆಗಿರಲಿಲ್ಲ. ಅದು ಅವಳ ಪರೀಕ್ಷೆಯ ಪ್ರಶ್ನೆಪತ್ರಿಕೆ.

ಅವಳು ಓದಿದ್ದು ಬಿಡಿಎಸ್. ನಮ್ಮ ಕಡೆ ಆ ಮೂರಕ್ಷರದ ಹಿಂದೆ 'ಬರೇ' ಎಂಬ ಎರಡಕ್ಷರ ತಾನಾಗಿಯೇ ಬಂದು ಅಂಟಿಕೊಳ್ಳುತ್ತದೆ. "ಆಕಿ ಬರೇ ಬಿಡಿಎಸ್ಸು" ಎನ್ನುತ್ತ, ಅವಳೇ ಬರೆದುಕೊಟ್ಟ ಔಷಧದ ಚೀಟಿ ಹಿಡಿದು ಕಲಬುರಗಿಯ ದೊಡ್ಡ ಡಾಕ್ಟರನ್ನು ಕೇಳಿ ಬರುವವರಿದ್ದರು. ದೊಡ್ಡ ಡಾಕ್ಟರು ಅದೇ ಔಷಧ ಬರೆದರೆ ರೋಗ ವಾಸಿಯಾಗುತ್ತಿತ್ತು.

ಹಲ್ಲು, ಒಸಡು, ದವಡೆ ಎಂದು ಭಾಗ ಮಾಡಿಕೊಳ್ಳದೆ, ಬಂದ ಬಾಯಿಗೆಲ್ಲ ಮದ್ದು ಮಾಡುವ ಇಂಥ ಸಾಮಾನ್ಯ ದಂತವೈದ್ಯರಿಗೆಂದೇ ಹೈದರಾಬಾದಿನಲ್ಲಿ ಒಂದು ಉನ್ನತ ಪರೀಕ್ಷೆ ನಡೆಯುತ್ತದೆ. ಬರವಣಿಗೆ ಒಂದು ಭಾಗ. ಇನ್ನೊಂದು, ಒಬ್ಬ ರೋಗಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಹೆಜ್ಜೆ ಹೆಜ್ಜೆಗೂ ಫೋಟೋ ತೆಗೆದು, ಮೂವರು ಪರೀಕ್ಷಕರ ಮುಂದೆ ಇಟ್ಟು, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದು. ಮೂರೇ ಅವಕಾಶ.

ದೇವಿಕಾ ಎರಡನ್ನು ಕಳೆದುಕೊಂಡಿದ್ದಳು. ಎರಡನೆಯ ಸಲ ಪರೀಕ್ಷಕರು ಬರೆದ ಷರಾ ಅವಳಿಗೆ ಬಾಯಿಪಾಠವಾಗಿತ್ತು. *ಅಭ್ಯರ್ಥಿಯ ಉತ್ತರಗಳೆಲ್ಲ ಸರಿ. ಆದರೆ ರೋಗಿ ಎಲ್ಲಿ?*

ಒಂದೇ ಸಾಲು. ಅದು ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಮೂರನೆಯ ಮತ್ತು ಕೊನೆಯ ಸಲಕ್ಕೆ ಸಿಕ್ಕವಳು ಭೀಮವ್ವ. ಬೋನಾಳ ಕೆರೆಯ ದಂಡೆಯ ಊರಿನವಳು, ಅರವತ್ತೆಂಟು ವರ್ಷ. ಬಾಯಲ್ಲಿ ಒಂದೂ ಹಲ್ಲಿಲ್ಲ. ನಾಲ್ಕು ವರ್ಷದಿಂದ ಸೆರಗನ್ನು ಬಾಯಿಗೆ ಹಿಡಿಯದೆ ಅವಳು ಯಾರೊಂದಿಗೂ ಮಾತಾಡಿದ್ದಿಲ್ಲ.

ಬೀರೇಶ ಬಂದ ದಿನವೇ ಭೀಮವ್ವನನ್ನು ಕರೆಸಿ ಎರಡನೆಯ ಸಲ ಅಳತೆ ತೆಗೆದರು. ದೇವಿಕಾ ತಟ್ಟೆಯನ್ನು ಬಾಯಿಗೆ ಇಟ್ಟಳು. ಬೀರೇಶ ಕುರ್ಚಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತ.

"ಆಯಿ, ನಿಮ್ಮೂರ ಕೆರಿಗೆ ಯಾವ್ಯಾವ ಹಕ್ಕಿ ಬರ್ತಾವ? ಹೇಳು."

ಭೀಮವ್ವ ಬಾಯಿ ತುಂಬ ಅಳತೆಯ ಅಂಟು ತುಂಬಿಕೊಂಡೇ, "ಒಒಕ್ಕಇ..." ಎಂದಳು.

"ಕೊಕ್ಕರಿ ಹೌದು! ಮತ್ತ?"

"ನೀಅಕಾಇ..."

"ನೀರಕಾಗಿ! ಹೇಳು, ಹೇಳು. ಎಷ್ಟು ಅದಾವ ಎಲ್ಲಾ ಹೇಳು!"

ಮುದುಕಿಯ ಕಣ್ಣಲ್ಲಿ ನಗು ಬಂತು. ನಾಲಿಗೆ ಹೊರಳಿತು, ತುಟಿ ಹೊರಳಿತು. ದೇವಿಕಾ ತಟ್ಟೆ ತೆಗೆದು ಬೆಳಕಿಗೆ ಹಿಡಿದಳು. ಆ ಗುಲಾಬಿ ಅಂಟಿನಲ್ಲಿ ಒಂದು ಇಡೀ ಕೆರೆಯ ಹಕ್ಕಿಗಳ ಹೆಸರು ಅಚ್ಚಾಗಿತ್ತು. ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದ ಆ ಮಡಿಕೆ ನಿಚ್ಚಳವಾಗಿ ಎದ್ದು ನಿಂತಿತ್ತು.

"ಎಲ್ಲಿ ಕಲತ್ರಿ ಇದನ್ನ?" ಎಂದಳು ಮೆಲ್ಲಗೆ.

"ಕಲ್ತಿಲ್ರಿ. ಮಾತಾಡೋರ ಬಾಯಿ ನೋಡ್ಕೊಂತ ಕುಂದ್ರೂದು ನನ್ನ ಕೆಟ್ಟ ಚಟ. ಬಸ್ಸಿನಾಗ ಎಷ್ಟೋ ಸಲ ಬೈಸ್ಕೊಂಡೀನಿ."

ಅವಳು ನಕ್ಕಳು. ಅವನು ಅವಳ ಬಾಯಿ ನೋಡಿದ. ಆಮೇಲೆ ತಟಕ್ಕನೆ ನೆಲ ನೋಡಿದ.

*

ಆ ಮೇಲಿನ ಒಂದೂವರೆ ತಿಂಗಳು ಇಬ್ಬರ ಫೋನುಗಳಿಗೂ ಬಿಡುವಿರಲಿಲ್ಲ. ಲೋಕದ ಪ್ರೇಮಿಗಳು ಹೂವಿನ ಚಿತ್ರ ಕಳಿಸಿಕೊಳ್ಳುತ್ತಾರೆ. ಇವರಿಬ್ಬರು ದವಡೆಯ ಚಿತ್ರ ಕಳಿಸಿಕೊಂಡರು. ಪ್ರೇಮ ಎಂಬ ಮಾತನ್ನು ಮಾತ್ರ ಇಬ್ಬರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಬಾಯಿಯ ಬಗ್ಗೆ ಅಷ್ಟು ತಿಳಿದವರಿಗೆ ಅದೊಂದೇ ಬಾರದ ಕೆಲಸ.

ಒಂದು ಮಧ್ಯಾಹ್ನ ದೇವಿಕಾ ಶಹಾಪುರದ ಮೇಲೆ ಬಸ್ಸಿನಲ್ಲಿ ಯಾದಗಿರಿಗೆ ಹೋದಳು. ಸ್ಟೇಷನ್ ರಸ್ತೆಯ ಒಂದು ಸಂದಿಯಲ್ಲಿ ಲ್ಯಾಬು. ಉಸ್ತಾದ್ ಸರದಾರಸಾಬರು ಹೊಸ್ತಿಲ ಹತ್ತಿರ ಕೂತು ಹಲ್ಲಿನ ಸೆಟ್ಟಿಗೆ ಪಾಲಿಶ್ ಹಾಕುತ್ತಿದ್ದರು. ನಲವತ್ತು ವರ್ಷದಿಂದ ಈ ಸೀಮೆಯ ಅರ್ಧ ಮುದುಕರು ಅವರು ಕಟ್ಟಿದ ಹಲ್ಲಿನಲ್ಲೇ ಅವರನ್ನು ಬೈಯುತ್ತಿದ್ದರು.

ಒಳಗೆ ಬೀರೇಶ ಒಂದು ಮೇಣದ ಗುಂಡು ಹಿಡಿದು ಸಣ್ಣ ಚಾಕುವಿನಿಂದ ಕೆತ್ತುತ್ತಿದ್ದ. ಅವಳನ್ನು ಕಂಡು ಎದ್ದ, ಕುರ್ಚಿ ಕೊಟ್ಟ, ಚಹಾ ಹೇಳಿದ, ಬೋನಾಳದ ಸುದ್ದಿ ಕೇಳಿದ. ಅಷ್ಟೂ ಹೊತ್ತು ಅವನ ಬೆರಳು ನಿಲ್ಲಲಿಲ್ಲ. ಚಹಾ ಬರುವಷ್ಟರಲ್ಲಿ ಮೇಣದ ಗುಂಡು ಒಂದು ದವಡೆಹಲ್ಲಾಗಿತ್ತು. ಗುಡ್ಡ, ಕಣಿವೆ, ತೊರೆಯ ದಾರಿ... ಜೋಳದ ಕಾಳಿನಷ್ಟು ಜಾಗದಲ್ಲಿ ಒಂದು ಊರಿನ ನಕ್ಷೆ!

"ನೋಡದೇ ಮಾಡ್ತೀರೇನ್ರಿ?"

"ನಾಲಿಗಿ ಕಣ್ಣಿಲ್ಲದೇ ಹಲ್ಲಿನ ಗುರ್ತ ಹಿಡಿತೈತಲ್ರಿ. ಬೆರಳಿಗೇನಾಗೈತಿ ಧಾಡಿ?"

ದೇವಿಕಾ ಆ ಮೇಣದ ಹಲ್ಲನ್ನು ಅಂಗೈ ಮೇಲೆ ಇಟ್ಟುಕೊಂಡಳು. ಅದು ಇನ್ನೂ ಬೆಚ್ಚಗಿತ್ತು.

*ದೇವರೇ... ನಾನು ಐದು ವರ್ಷ ಓದಿದ್ದು ಇದರ ಹೆಸರು ಮಾತ್ರ.*

ಒಂದೇ ತೊಡಕು ಉಳಿಯಿತು. ಮುಂದಿನ ಹಲ್ಲು ಹೇಗೆ ಕೂಡಿಸುವುದು? "ನನ್ನವು ಹೆಂಗಿದ್ವೋ ಹಂಗ ಮಾಡ್ರವ್ವ" ಎನ್ನುವುದನ್ನು ಬಿಟ್ಟು ಭೀಮವ್ವ ಬೇರೆ ಹೇಳಲೊಲ್ಲಳು. ಅವಳ ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ ಬಾಯಿ ಮುಚ್ಚಿತ್ತು. ಕೊನೆಗೆ ದೇವಿಕಾ ತನ್ನ ಊಹೆಯಲ್ಲೇ ಮುಂದಿನ ಸಾಲಿನ ಒಂದು ಅಚ್ಚು ಮಾಡಿ, ಮೇಲೆ ತನ್ನ ಹೆಸರು ಬರೆದು, ಬಸ್ಸಿನಲ್ಲಿ ಯಾದಗಿರಿಗೆ ಕಳಿಸಿದಳು.

ಹತ್ತು ದಿನಕ್ಕೆ ಅಲ್ಲಿಂದ ಡಬ್ಬಿ ಬಂತು.

*

ಡಬ್ಬಿ ಬಿಚ್ಚಿದವಳು ಕುಬ್ರಾಬೇಗಂ. ದವಾಖಾನೆಯಲ್ಲಿ ಹತ್ತಿ ಕೊಡುವುದರಿಂದ ಹಿಡಿದು ರೋಗಿಗಳಿಗೆ ಬುದ್ಧಿ ಹೇಳುವವರೆಗೆ ಎಲ್ಲ ಅವಳದೇ.

ಮೇಣದ ಮೇಲೆ ಕೂಡಿಸಿದ ಹಲ್ಲಿನ ಸಾಲು ಹೊರಗೆ ಬಂತು. ಬಾಯಲ್ಲಿ ಇಟ್ಟು ನೋಡಿ ಒಪ್ಪಿದ ಮೇಲೆ ಕಾಯಂ ಮಾಡುವುದು ರೂಢಿ. ದೇವಿಕಾ ನೋಡಿದಳು. ಹುಬ್ಬು ಗಂಟಾಯಿತು. ಎಡಗಡೆಯ ಎರಡನೆಯ ಹಲ್ಲು ಸೊಟ್ಟ! ಮುಂದಿನ ಹಲ್ಲಿನ ಮೇಲೆ ಹೆಗಲು ಹಾಕಿಕೊಂಡು ನಿಂತಿತ್ತು.

"ಇದೇನಿದು... ಇಂಥಾ ತಪ್ಪು ಮಾಡಾವ್ರಲ್ಲ ಅವ್ರು."

"ಅಮ್ಮಾ," ಎಂದಳು ಕುಬ್ರಾಬೇಗಂ. ದನಿ ಬೇರೆಯಾಗಿತ್ತು. "ಡಬ್ಬಿ ತಳಕ್ಕ ಚೀಟಿ ಅದ. ಓದ್ಲೇನು, ಬ್ಯಾಡೇನು?"

ಬೀರೇಶನ ಅಕ್ಷರ. ಉಸ್ತಾದರಿಗೆ ಬರೆದದ್ದು.

*ಉಸ್ತಾದ್ ರಿ, ದೇವಿಕಾ ಸಾಚಾ ನಂಬಬ್ಯಾಡ್ರಿ. ಬೋನಾಳದಾಗ ಇನ್ನೊಂದು ನೋಡಿ ಬಂದೀನಿ. ಅದನ್ನೇ ಪಕ್ಕಾ ಮಾಡೂಣು.*

ಹೊರಗೆ ಶಹಾಪುರದ ಬಸ್ಸು ಹಾರ್ನ್ ಹೊಡೆಯಿತು. ಒಳಗೆ ದೇವಿಕಾ ಚೀಟಿಯನ್ನು ಎರಡನೆಯ ಸಲ ಓದಿದಳು.

"ಹೆಣ್ಣು ನೋಡಿ ಬಂದಾನ," ಎಂದಳು ಕುಬ್ರಾಬೇಗಂ ಕೊನೆಗೆ. "ಬೋನಾಳದಾಗ. ಪಕ್ಕಾನೂ ಮಾಡ್ಯಾನ."

"ನಾನು... ಸಾಚಾ ಅಲ್ಲೇನು ಕುಬ್ರಾ?"

"ಯಾರಂದ್ರು? ಅವನ ಹಲ್ಲು ಸೊಟ್ಟ, ಅವನ ಬುದ್ಧಿ ಸೊಟ್ಟ!"

ದೇವಿಕಾಳ ಕಣ್ಣು ತುಂಬಿತು. *ನಾನು ಯಾವ ಸುಳ್ಳು ಹೇಳಿದ್ದೆ ಇವನಿಗೆ? ನನ್ನ ತಪ್ಪನ್ನು ಏಳು ಮಂದಿಯ ಮುಂದೆ ಒಪ್ಪಿಕೊಂಡವಳು ನಾನು...*

ಫೋನೆತ್ತಿ ಒಂದೇ ಉಸಿರಿನಲ್ಲಿ ಬರೆದಳು: *ಚೀಟಿ ನೋಡಿದೆ. ಬೋನಾಳದ್ದೇ ಪಕ್ಕಾ ಮಾಡಿಕೊಳ್ರಿ.*

ಎರಡು ನಿಮಿಷಕ್ಕೆ ಉತ್ತರ ಬಂತು: *ಭಾಳ ಖುಷಿ ಆತ್ರಿ ಮೇಡಂ! ನೀವು ಸಿಟ್ಟಾಗ್ತೀರಂತ ಹೆದರಿದ್ದೆ. ನೀವು ಒಪ್ಪಿದ್ದೇ ಸಾಕು.*

*ಖುಷಿಯಂತೆ! ಎಷ್ಟು ಧೈರ್ಯ!*

ಐದನೆಯ ದಿನ ಇನ್ನೊಂದು ಬಂತು: *ಎಲ್ಲಾ ತಯಾರಾಗೈತ್ರಿ. ನೀವು ಬಂದ್ರ ಮುಂದಿನದು. ಯಾವತ್ತು ಬರ್ತೀರಿ?*

ಅವಳು ಆ ನಂಬರನ್ನು ಬ್ಲಾಕ್ ಮಾಡಿದಳು. ಸೊಟ್ಟ ಹಲ್ಲಿನ ಮೇಣದ ಸಾಲನ್ನು ಮೇಜಿನ ಖಾನೆಗೆ ತಳ್ಳಿದಳು. ತನ್ನಲ್ಲಿದ್ದ ಅಳತೆಗಳನ್ನು ಹೈದರಾಬಾದಿನ ಒಂದು ಲ್ಯಾಬಿಗೆ ಕಳಿಸಿದಳು. ಕಲಿತವರಿಗೆ ಪ್ರೇಮದಲ್ಲಿ ಇದೊಂದು ಅನುಕೂಲ. ಒಂದು ಮಾತು ಕೇಳಿದರೆ ಮುಗಿಯುವುದನ್ನು ಕೇಳದೆಯೇ ತಿಳಿದುಕೊಂಡುಬಿಡುತ್ತಾರೆ.

*

ಹೈದರಾಬಾದಿನ ಹಲ್ಲು ಎರಡು ವಾರಕ್ಕೆ ಬಂತು. ಮುತ್ತಿನ ಸರದಂತೆ ನೆಟ್ಟಗೆ, ಬೆಳ್ಳಗೆ, ಒಂದೇ ಸಮ.

ಪರೀಕ್ಷೆಗೆ ಹನ್ನೆರಡು ದಿನ. ಭೀಮವ್ವ ಬಂದಳು. ಜೊತೆಗೆ ಅವಳ ತಂಗಿ ಮೌನಮ್ಮ, ಅರವತ್ತರ ಗಟ್ಟಿ ಹೆಂಗಸು. ದೇವಿಕಾ ಹಲ್ಲು ಕೂಡಿಸಿ ಕೈಗೆ ಕನ್ನಡಿ ಕೊಟ್ಟಳು.

ಭೀಮವ್ವ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಕನ್ನಡಿಯನ್ನು ಮೆಲ್ಲಗೆ ಮಡಿಲಲ್ಲಿ ಬೋರಲು ಇಟ್ಟಳು.

"ಯಾರವ್ವಾ ಈಕಿ?"

"ನೀವೇ ಆಯಿ! ಎಷ್ಟು ಚಲೋ ಕಾಣಾಕತ್ತೀರಿ..."

"ಟೀವಿಯಾಗ ಪೇಸ್ಟ್ ಮಾರ್ತಾಳಲ್ಲ, ಆಕಿ ಕಂಡಂಗ ಕಾಣತೈತಿ. ನಾ ಎಲ್ಲಿ ಹೋದೆ?"

ಸೆರಗು ಮತ್ತೆ ಬಾಯಿಗೆ ಹೋಯಿತು.

*ರೋಗಿ ಎಲ್ಲಿ?* ಪರೀಕ್ಷಕರ ಆ ಷರಾವನ್ನು ಈಗ ರೋಗಿಯೇ ಕೇಳುತ್ತಿದ್ದಳು!

"ಅಕ್ಕಾ, ಅಷ್ಟಕ್ಕ ಯಾಕ ಅಳ್ತಿ? ನಮ್ಮ ಮನಿತನದ ಹಲ್ಲು ಎಲ್ಲಾರಿಗೂ ಬರ್ತಾವೇನು?" ಎಂದು ಮೌನಮ್ಮ ಅಕ್ಕನನ್ನು ನಗಿಸಲು ತಾನೇ ನಕ್ಕಳು.

ಮೌನಮ್ಮನ ಎಡಗಡೆಯ ಎರಡನೆಯ ಹಲ್ಲು... ಪಕ್ಕದ ಹಲ್ಲಿನ ಮೇಲೆ ಹೆಗಲು ಹಾಕಿಕೊಂಡು ನಿಂತಿತ್ತು.

ದೇವಿಕಾ ಎದ್ದೇ ಬಿಟ್ಟಳು.

"ಮೌನಮ್ಮಾರ... ಇನ್ನೊಮ್ಮೆ ನಗ್ರಿ."

"ಅಯ್ಯ ಶಿವನೇ! ಎಲ್ಲಾರೂ ಇದನ್ನೇ ಹೇಳ್ತೀರಲ್ಲ! ಅವತ್ತು ಆ ಯಾದಗಿರಿ ಹುಡುಗನೂ ಮನಿಗೆ ಬಂದು ಒಂದು ತಾಸು ಕುಂತಿದ್ದ. 'ಚಿಗವ್ವ ನಗು, ಚಿಗವ್ವ ನಗು' ಅಂತ. ನಕ್ಕು ನಕ್ಕು ದವಡಿ ನೋವಾತು. ಆಮ್ಯಾಲೆ ಬಾಯಾಗ ಅಂಟು ತುಂಬಿ ಅಚ್ಚು ತಗೊಂಡು ಹೋದ."

"ನಿಮ್ಮ... ಅಚ್ಚು?"

"ಹೂಂ. ಅಕ್ಕನವೂ ನನ್ನವೂ ಒಂದೇ ನಮೂನಿ ಇದ್ವು. ಊರಾಗ ಬೆನ್ನಿಂದ ನೋಡಿದ್ರ ಸೀರಿ ಗುರ್ತ, ಮುಂದಿಂದ ನೋಡಿದ್ರ ಹಲ್ಲು ಗುರ್ತ ಅಂತಿದ್ರು ನಮಗ. ನಿನಗ ಹೇಳಿಲ್ಲೇನು ಅವ?"

ದೇವಿಕಾ ಖಾನೆ ಎಳೆದಳು. ಮೇಣದ ಸಾಲು ತೆಗೆದು ಮೌನಮ್ಮನ ನಗುವಿನ ಪಕ್ಕ ಹಿಡಿದಳು. ಅದೇ ಓರೆ. ಅದೇ ಸಣ್ಣ ಸಂದಿ. ತಪ್ಪು ಎಂದು ತಾನು ಎಸೆದದ್ದು ಒಂದು ವಂಶದ ಸಹಿ!

ಚೀಟಿ ನೆನಪಾಯಿತು.

*ಬೋನಾಳದಾಗ ಇನ್ನೊಂದು ನೋಡಿ ಬಂದೀನಿ...*

"ಕುಬ್ರಾ!" ಎಂದು ಕೂಗಿದಳು. "ಯಾದಗಿರಿ ಬಸ್ ಎಷ್ಟೊತ್ತಿಗೆ?"

*

ಲ್ಯಾಬಿನ ಹೊಸ್ತಿಲಲ್ಲಿ ಉಸ್ತಾದರೇ ಸಿಕ್ಕರು. ಅವಳು ಚೀಟಿಯನ್ನು ಮುಂದೆ ಹಿಡಿದಳು.

"ಅರೆ, ಇದು ನಂದು! ನಿಮ್ಮ ಕಡೆ ಹ್ಯಾಂಗ ಬಂತು? ಆವತ್ತು ಬೀರೇಶ ಅಕ್ಕನ ಊರು ವನದುರ್ಗಕ್ಕ ಹೋಗಿದ್ದ. ಬಂದ ಮ್ಯಾಲೆ ಡಬ್ಬಿ ತಾನೇ ಒಯ್ದು ಕೊಟ್ಟು, ಎಲ್ಲಾ ಹೇಳ್ತೀನಿ ಅಂದಿದ್ದ. ನನಗ ತಡೀಲಿಲ್ಲ, ಬಸ್ಸಿಗೆ ಹಾಕಿಬಿಟ್ಟೆ. ಚಷ್ಮಾ ಇಲ್ಲದ ಕಣ್ಣು ಅಮ್ಮಾ, ಚೀಟಿ ಯಾವುದು ರದ್ದಿ ಯಾವುದು..."

"ಉಸ್ತಾದ್... ಇದರಾಗ 'ದೇವಿಕಾ ಸಾಚಾ' ಅಂತ ಐತಲ್ರಿ. ಸಾಚಾ ಅಂದ್ರ...?"

"ಸಾಚಾ ಅಂದ್ರ ಸಾಚಾ!" ಉಸ್ತಾದರು ಕಪಾಟಿನ ಮೇಲೆ ಸಾಲಾಗಿಟ್ಟ ಪ್ಲಾಸ್ಟರಿನ ಅಚ್ಚುಗಳನ್ನು ತೋರಿಸಿದರು. "ಇವೆಲ್ಲಾ ಏನಮ್ಮ ಮತ್ತ? ಇದು ರಾಯಚೂರ ಡಾಕ್ಟರ ಸಾಚಾ. ಇದು ಶಹಾಪುರ ಸಾಚಾ. ಅದು ದೇವಿಕಾ ಸಾಚಾ. ನಮ್ಮ ಉಸ್ತಾದರ ಕಾಲದಿಂದ ಅಚ್ಚಿಗೆ ಸಾಚಾ ಅಂತೀವಿ. ನೀವೇನಂತೀರಿ?"

ತನ್ನ ಹೆಸರು ಬರೆದ ಅಚ್ಚು ಕಪಾಟಿನಿಂದ ದೇವಿಕಾಳನ್ನೇ ನೋಡುತ್ತಿತ್ತು.

ನಂಬಬಾರದ್ದು ಅವಳನ್ನಲ್ಲ, ಅವಳ ಊಹೆಯ ಅಚ್ಚನ್ನು. ನೋಡಿ ಬಂದದ್ದು ಹೆಣ್ಣನ್ನಲ್ಲ... ಅರವತ್ತು ವರ್ಷದ ಮೌನಮ್ಮನ ಹಲ್ಲನ್ನು!

ಅವಳಿಗೆ ನಗು ಬಂತು, ಅಳು ಬಂತು. ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು. ಆ ಹೊತ್ತಿಗೆ ಬೀರೇಶ ಒಳಗಿನಿಂದ ಬಂದ. ಎರಡು ವಾರದಲ್ಲಿ ಮುಖ ಇಳಿದುಹೋಗಿತ್ತು.

"ಬಂದ್ರೇನ್ರಿ..." ಎಂದ. ಅಷ್ಟೇ.

"ನಾನು... ನೀವು ಬೋನಾಳದಾಗ ಹೆಣ್ಣು ನೋಡಿ ಬಂದೀರಿ ಅಂತ ತಿಳಕೊಂಡೆ."

"ಯಾರ ಹೆಣ್ಣು?"

"ಗೊತ್ತಿಲ್ಲ! ಚೀಟಿಯಾಗ ಹೆಸರಿರಲಿಲ್ಲ!"

ಉಸ್ತಾದರು ಪಾಲಿಶಿನ ಯಂತ್ರವನ್ನು ಸುಮ್ಮನೆ ಚಾಲೂ ಮಾಡಿದರು. ನಗು ಮುಚ್ಚಲು ಅದಕ್ಕಿಂತ ದೊಡ್ಡ ಸದ್ದು ಅಲ್ಲಿರಲಿಲ್ಲ.

ಬೀರೇಶ ಮಾತ್ರ ನಗಲಿಲ್ಲ.

"ಒಂದು ಫೋನ್ ಮಾಡಿ ಕೇಳಬೌದಿತ್ತಲ್ರಿ ಮೇಡಂ. ಮುದುಕಿ ನಾಲಿಗಿ ಅಳ್ಳಾಡಿಸಿಲ್ಲ ಅಂತ ಹೇಳಾಕ ನಾ ಅರವತ್ತು ಕಿಲೋಮೀಟರ್ ಬಂದಿದ್ದೆ. ನಾ ಹಂಗ ಮಾಡೀನೋ ಇಲ್ಲೋ ಅಂತ ಕೇಳಾಕ... ಒಂದು ಫೋನು."

"ತಪ್ಪಾತ್ರಿ," ಎಂದಳು. ಐದು ವರ್ಷದ ಓದಿನಲ್ಲಿ ಎಲ್ಲಿಯೂ ಕಲಿಸದ ಒಂದು ಮಾತು. "ಭಾಳ ದೊಡ್ಡ ತಪ್ಪಾತು."

ಅವನು ಒಳಗೆ ಹೋಗಿ ಒಂದು ಗಾಜಿನ ಡಬ್ಬಿ ತಂದ. ತಿಳಿನೀರಿನಲ್ಲಿ ಪೂರ್ತಿ ಸಿದ್ಧವಾದ ಹಲ್ಲಿನ ಸೆಟ್ಟು. ಎಡಗಡೆ ಎರಡನೆಯದು ಸೊಟ್ಟ.

"ನೀವು ಬೋನಾಳದ್ದೇ ಪಕ್ಕಾ ಮಾಡ್ರಿ ಅಂದಿದ್ರೆಲ್ಲ... ಚಿಗವ್ವನ ಅಚ್ಚು ನನ್ನ ಕಡೆನೇ ಇತ್ತು, ಇನ್ನೊಮ್ಮೆ ಕೂಡಿಸಿ ಮಾಡಿಟ್ಟೀನಿ. ಮೊದಲ ಆಯಿ ಬಾಯಿ ನೋಡೂಣು. ನಮ್ಮದು ಆಮ್ಯಾಲೆ."

*

ಬೋನಾಳದಲ್ಲಿ, ಭೀಮವ್ವನ ಮನೆಯ ಪಡಸಾಲೆಯಲ್ಲಿ, ಬೆಳಗಿನ ಬಿಸಿಲಿನಲ್ಲಿ ಹಲ್ಲು ಕೂಡಿಸಿದರು.

ದೇವಿಕಾ ಕನ್ನಡಿ ಕೊಟ್ಟಳು. ಆಮೇಲೆ ಕ್ಯಾಮೆರಾ ಎತ್ತಿದಳು.

ಭೀಮವ್ವ ನೋಡಿದಳು. ಕನ್ನಡಿಯನ್ನು ಹತ್ತಿರ ತಂದಳು. ಬೆರಳಿನಿಂದ ಆ ಸೊಟ್ಟ ಹಲ್ಲನ್ನು ಮುಟ್ಟಿದಳು. ಅದೇ ಬೆರಳಿನಿಂದ ಕನ್ನಡಿಯೊಳಗಿನ ಹಲ್ಲನ್ನೂ ಮುಟ್ಟಿದಳು.

"ತಂಗೀ..." ಎಂದಳು. "ನಾ ಬಂದೀನ್ಲೇ."

ಮೌನಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ತಿರುಗಿದಳು. ಭೀಮವ್ವನ ಸೆರಗು ಮಾತ್ರ ಹೆಗಲ ಮೇಲೇ ಇತ್ತು. ಕುಸಿದಿದ್ದ ತುಟಿ ಎದ್ದು ನಿಂತಿತ್ತು, ಕೆನ್ನೆ ತುಂಬಿತ್ತು. ನಾಲ್ಕು ವರ್ಷ ಎಲ್ಲಿಗೋ ಹೋಗಿದ್ದ ಒಂದು ಹೆಂಗಸು ತನ್ನ ಮುಖದೊಳಕ್ಕೆ ತಾನೇ ನಡೆದು ಬಂದು ಕೂತಂತೆ ಕಾಣುತ್ತಿತ್ತು.

"ಆಯಿ, ಮಾತಾಡ್ರಿ. ಹಕ್ಕಿ ಹೆಸರು ಹೇಳ್ರಿ," ಎಂದಳು ದೇವಿಕಾ.

ಭೀಮವ್ವ ಹೇಳಿದಳು. ಕೊಕ್ಕರಿ, ಬೆಳ್ಳಕ್ಕಿ, ನೀರಕಾಗಿ, ಬಾತುಕೋಳಿ... ಒಂದೊಂದು ಅಕ್ಷರವೂ ನಿಚ್ಚಳ. ಹೇಳುತ್ತ ಹೇಳುತ್ತ ನಕ್ಕುಬಿಟ್ಟಳು. ಹಲ್ಲು ಜಾಗ ಬಿಟ್ಟು ಕದಲಲಿಲ್ಲ!

ದೇವಿಕಾ ಕ್ಯಾಮೆರಾ ಕೆಳಗಿಟ್ಟಳು. ತನ್ನ ಹನ್ನೊಂದು ವರ್ಷದ ಓದು, ವೃತ್ತಿಯಲ್ಲಿ ಅವಳು ಇಂಥದ್ದನ್ನು ಕಂಡಿರಲಿಲ್ಲ. ತಿರುಗಿ ನೋಡಿದರೆ ಬೀರೇಶ ಕಂಬಕ್ಕೆ ಒರಗಿ, ಯಾರಿಗೂ ಕಾಣದಂತೆ ಕಣ್ಣೊರೆಸಿಕೊಳ್ಳುತ್ತಿದ್ದ.

*

ಶುಕ್ರವಾರ ಹೈದರಾಬಾದಿನಲ್ಲಿ ಪರೀಕ್ಷೆ. ಉದ್ದ ಮೇಜಿನಾಚೆ ಮೂವರು. ನಡುವೆ ಕೂತ ಹಿರಿಯ ಮಹಿಳೆ ಫೋಟೋದ ಮೇಲೆ ಪೆನ್ನಿಟ್ಟು ಕೇಳಿದರು.

"ಈ ಹಲ್ಲು ಸೊಟ್ಟಗಿದೆ. ಇದು ದೋಷ ಅಲ್ಲವೇ?"

ಪುಸ್ತಕದ ಉತ್ತರ ನಾಲಿಗೆಯ ತುದಿಗೆ ಬಂತು. ಈ ಓರೆ ತನ್ನದೇ ಯೋಜನೆ ಎಂದು ಹೇಳಿದರೆ ಮುಗಿಯುತ್ತಿತ್ತು. ಕೊನೆಯ ಅವಕಾಶ. ಕೇಳುವವರಿಗೆ ತೃಪ್ತಿ, ಹೇಳುವವಳಿಗೆ ಪದವಿ.

"ಮೊದಲು ನಾನೂ ದೋಷ ಅಂತಲೇ ಎಸೆದಿದ್ದೆ ಮೇಡಂ," ಎಂದಳು ದೇವಿಕಾ. "ನನ್ನ ಮೊದಲ ಅಳತೆ ತಪ್ಪಿತ್ತು, ತಂತ್ರಜ್ಞರು ತೋರಿಸಿಕೊಟ್ಟರು. ಮುಂದಿನ ಹಲ್ಲಿನ ನನ್ನ ಊಹೆ ತಪ್ಪಿತ್ತು, ಅವರು ರೋಗಿಯ ತಂಗಿಯ ಮನೆಗೆ ಹೋಗಿ ಸರಿಯಾದದ್ದು ತಂದರು. ನಾನು ಅದನ್ನೂ ಬಿಟ್ಟು ನೆಟ್ಟಗಿನ ಹಲ್ಲು ಹಾಕಿದೆ. ರೋಗಿ ಕನ್ನಡಿ ನೋಡಿ, 'ಯಾರು ಈಕೆ?' ಎಂದು ಕೇಳಿದರು. ಈ ಕೇಸಿನಲ್ಲಿ ನಾನು ಕಲಿತದ್ದು ಇಷ್ಟೇ... ಕೇಳಬೇಕು."

ಅವಳು ವಿಡಿಯೋ ಹಾಕಿದಳು. ಭೀಮವ್ವ ಹಕ್ಕಿಗಳ ಹೆಸರು ಹೇಳಿದಳು, ನಕ್ಕಳು. ಕನ್ನಡ ಬಾರದ ಆ ಮೂವರೂ ಕೊನೆಯ ಹಕ್ಕಿಯವರೆಗೆ ಕಣ್ಣು ಕೀಳಲಿಲ್ಲ. ಹಿರಿಯಾಕೆ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಮತ್ತೊಮ್ಮೆ ಹಾಕಿ," ಎಂದರು.

ಆಮೇಲೆ ಅರ್ಜಿಯ ಕೊನೆಯ ಹಾಳೆ ತಿರುವಿ, "ಇಲ್ಲೊಂದು ಕಾಲಂ ಖಾಲಿ ಬಿಟ್ಟಿದ್ದೀರಲ್ಲ?" ಎಂದರು.

*

ಶನಿವಾರ ಮಧ್ಯಾಹ್ನ ಗುರುಮಠಕಲ್ ಮೇಲಿಂದ ಬಂದ ಬಸ್ಸು ಯಾದಗಿರಿ ನಿಲ್ದಾಣದಲ್ಲಿ ನಿಂತಿತು. ಬೀರೇಶ ಎಷ್ಟು ಹೊತ್ತಿನಿಂದ ಕಾಯುತ್ತಿದ್ದನೋ, ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು.

"ಏನಾತ್ರಿ?"

"ಒಂದು ಪ್ರಶ್ನಿಗೆ ಉತ್ತರ ಬರಲಿಲ್ರಿ."

ಅವನ ಮುಖ ಬಿಳಿಚಿತು. "ಹಲ್ಲಿಂದೇನ್ರಿ? ನಾ ಕಟ್ಟಿದ್ದರಾಗ ಏನಾರ ಕಸರು..."

"ನಿಮ್ಮ ಬಗ್ಗೇನ ಕೇಳಿದ್ರು."

ಅವಳು ಚೀಲದಿಂದ ಒಂದು ಹಾಳೆ ತೆಗೆದು ಅವನ ಕೈಗೆ ಕೊಟ್ಟಳು. ಅವನು ಇಂಗ್ಲಿಷನ್ನು ಬೆರಳಿಟ್ಟು ನಿಧಾನವಾಗಿ ಓದಿದ. ಹಲ್ಲು ಕಟ್ಟಿದ ತಂತ್ರಜ್ಞರಿಗೂ ಅಭ್ಯರ್ಥಿಗೂ ಏನಾದರೂ ಸಂಬಂಧವಿದೆಯೇ? ಇದ್ದರೆ ಯಾವ ಬಗೆಯದು?

"ಪಾಸಾಗೀನ್ರಿ," ಎಂದಳು ದೇವಿಕಾ. "ಆದರ ಇದನ್ನ ತುಂಬಿ ಸೋಮವಾರದೊಳಗ ಕಳಿಸಬೇಕಂತ. ಆಮ್ಯಾಲೇ ಸರ್ಟಿಫಿಕೇಟು. ಸಂಬಂಧ ಇಲ್ಲ ಅಂತ ಬರಿಯಾಕ ಪೆನ್ನು ಏಳಲಿಲ್ಲ. ಐತಿ ಅಂತ ಬರಿಯಾಕ... ನಿಮ್ಮನ್ನ ಕೇಳಿರಲಿಲ್ಲ. ಊರಿಗೆ ಹೋಗಿ ಕೇಳಿಕೊಂಡು ಬರೀತೀನಿ ಅಂದೆ. ಆ ಮೇಡಂ ನಕ್ಕುಬಿಟ್ರು."

ಬೀರೇಶ ಹಾಳೆಯನ್ನೇ ನೋಡುತ್ತ ನಿಂತ. ಪಕ್ಕದಲ್ಲಿ ಕಂಡಕ್ಟರ್ ಶಹಾಪುರ, ಸುರಪುರ ಎಂದು ಕೂಗುತ್ತಿದ್ದ.

"ನಿಮ್ಮ ಫೋನ್ ಹತ್ತದ ಆ ಎರಡು ವಾರದಾಗ ನಾ ಕಟ್ಟಿದ ಹಲ್ಲೆಲ್ಲಾ ವಾಪಸ್ ಬಂದ್ವು ರಿ," ಎಂದ ಮೆಲ್ಲಗೆ. "ಬೆರಳಿಗೆ ಏನೂ ತಿಳೀವಲ್ದಾಗಿತ್ತು. ಉಸ್ತಾದ್ರು ಬೈದು ಬೈದು ಸಾಕಾದ್ರು. ನಿಮ್ಮಂಥಾ ಓದಿದಾಕಿ ಮುಂದ ಹ್ಯಾಂಗ ಹೇಳಲಿ ಅಂತ ಸುಮ್ಮಿದ್ದೆ..."

"ಏನು ಹೇಳೂದು?"

"ಹೌದು ಅಂತ ಬರೀರಿ."

ಅವಳ ಕಣ್ಣು ತುಂಬಿ ಬಂತು. ಹಾಳೆಯನ್ನು ಅವನ ಬೆನ್ನಿನ ಮೇಲೆ ಇಟ್ಟು ಬರೆದಳು. ಅವನು ಉಸಿರು ಬಿಗಿಹಿಡಿದು ನಿಂತ.

"ಯಾವ ಬಗೆಯದು ಅಂತ ಕೇಳ್ಯಾರಲ್ರಿ. ಅದಕ್ಕೇನು ಬರೀಲಿ?"

"ಅದನ್ನ ಹಿರೇರು ಹೇಳಬೇಕ್ರಿ. ಅವ್ವನ್ನ ಕರಕೊಂಡು ಬರೂ ವಾರ ನಿಮ್ಮ ಮನಿಗೆ ಬರ್ತೀನಿ. ಆಮ್ಯಾಲೆ ತುಂಬೂಣು."

"ಸೋಮವಾರ ಕಡೀ ದಿನ ಐತ್ರಿ."

"ಹಂಗಾರ ಐತವಾರನ ಬರ್ತೀವಿ."

"ಐತವಾರ ಅಂದ್ರ ನಾಳೆನೇ ರಿ!"

"ಗೊತ್ತೈತ್ರಿ," ಎಂದ ಬೀರೇಶ.